ಹಾಟ್ ರಾಡ್ ಸಸ್ಪೆನ್ಷನ್ ತಗ್ಗಿಸುವಿಕೆ

ಅಮೆರಿಕದ 1920, 30 ಮತ್ತು 40ರ ದಶಕಗಳ ಕಾರುಗಳನ್ನು, ಅದರಲ್ಲೂ ಫೋರ್ಡ್ ಕಾರುಗಳನ್ನು, ಬಿಚ್ಚಿ ಹಗುರ ಮಾಡಿ, ಎಂಜಿನ್ನಿಗೆ ಬಲ ತುಂಬಿ, ವೇಗಕ್ಕೆಂದೇ ಮರಳಿ ಕಟ್ಟಿದರೆ ಅದು ಹಾಟ್ ರಾಡ್. ದಕ್ಷಿಣ ಕ್ಯಾಲಿಫೋರ್ನಿಯದ ಗ್ಯಾರೇಜುಗಳಲ್ಲಿ ಬೆಳೆದ ಈ ಕಸುಬು ಎರಡನೆಯ ಮಹಾಯುದ್ಧದ ಆಚೀಚೆಗೆ ಇಡೀ ದೇಶಕ್ಕೆ ಹರಡಿತು. ಹಾಟ್ ರಾಡ್ ದೂರದಿಂದಲೇ ಗುರುತು ಸಿಗುವುದು ಅದರ ನಿಲುವಿನಿಂದ. ಮೂತಿ ನೆಲದತ್ತ ಬಾಗಿರುತ್ತದೆ, ಹಿಂದಿನ ಟೈರು ದೊಡ್ಡದು, ಮುಂದಿನದು ಸಣ್ಣದು, ಇಡೀ ಕಾರು ಕಾರ್ಖಾನೆಯಿಂದ ಬಂದದ್ದಕ್ಕಿಂತ ನಾಲ್ಕಾರು ಇಂಚು ಕೆಳಗೆ ಕೂತಿರುತ್ತದೆ. ಆ ನಾಲ್ಕಾರು ಇಂಚನ್ನು ಎಲ್ಲಿಂದ ತೆಗೆಯಬೇಕು ಎಂಬುದರಲ್ಲೇ ಕೆಲಸಗಾರನ ಯೋಗ್ಯತೆ ತಿಳಿಯುತ್ತದೆ. ಆಕ್ಸಲ್, ಚಾಸಿ, ಚಕ್ರದ ಅಳತೆ ಇವುಗಳಿಂದ ತೆಗೆದರೆ ಕಾರು ನೆಟ್ಟಗೆ ಓಡುತ್ತದೆ. ಸ್ಪ್ರಿಂಗ್ ಮೇಲೆ ಕೆಳಗೆ ಆಡಬೇಕಾದ ಜಾಗವನ್ನೇ ಕಿತ್ತುಕೊಂಡು ತಗ್ಗಿಸಿದರೆ ನಿಂತಾಗ ಚೆಂದ ಕಂಡ ಕಾರು ರಸ್ತೆಗಿಳಿದ ಮೇಲೆ ಚಾಲಕನ ಬೆನ್ನು ಮುರಿಯುತ್ತದೆ, ತಿರುವಿನಲ್ಲಿ ಕೈಕೊಡುತ್ತದೆ.

ಎತ್ತರದ ಕಾರು, ಸಪಾಟು ನೆಲ

ಫೋರ್ಡ್ ಮಾಡೆಲ್ ಟಿ 1908ರಲ್ಲಿ ಮಾರುಕಟ್ಟೆಗೆ ಬಂದಾಗ ಅಮೆರಿಕದ ಹಳ್ಳಿಗಾಡಿನ ದಾರಿಗಳು ಮಳೆ ಬಂದರೆ ಕೆಸರು, ಒಣಗಿದರೆ ಗಾಡಿಚಕ್ರ ಕೊರೆದ ಹಳ್ಳ. ಅಂಥ ದಾರಿಯಲ್ಲಿ ಹೊಟ್ಟೆ ತಾಗದೆ ಹೋಗಬೇಕೆಂದು ಕಾರನ್ನು ಎತ್ತರಕ್ಕೆ ಕಟ್ಟಿದರು. ಮುಂದೊಂದು ಹಿಂದೊಂದು ಗಟ್ಟಿ ಆಕ್ಸಲ್. ಪ್ರತಿ ಆಕ್ಸಲ್‌ಗೂ ಅಡ್ಡಲಾಗಿ ಒಂದೊಂದೇ ಕಮಾನು ಸ್ಪ್ರಿಂಗ್. ಕಮಾನಿನ ನಡುಭಾಗ ಚಾಸಿಯ ಅಡ್ಡಪಟ್ಟಿಗೆ, ಅಂದರೆ ಕ್ರಾಸ್ ಮೆಂಬರ್‌ಗೆ, ಬಿಗಿದಿರುತ್ತದೆ. ಎರಡು ತುದಿಗಳು ಶ್ಯಾಕಲ್ ಎಂಬ ಸಣ್ಣ ಕೊಂಡಿಗಳ ಮೂಲಕ ಆಕ್ಸಲ್‌ಗೆ ಸೇರುತ್ತವೆ. ಆಕ್ಸಲ್ ಹಿಂದೆ ಮುಂದೆ ಜಾರದಂತೆ ತಡೆಯಲು ವಿಶ್‌ಬೋನ್ ಎಂಬ ಕವಲೊಡೆದ ಸರಳು. ಅದರ ಎರಡು ತೋಳುಗಳು ಆಕ್ಸಲ್‌ನ ತುದಿಗಳಿಗೆ, ಬುಡ ಎಂಜಿನ್ನಿನ ಕೆಳಗೆ ಒಂದು ಗುಂಡು ಕೀಲಿಗೆ. ಒಂದು ಚಕ್ರ ಬಂಡೆಯ ಮೇಲೆ ಹತ್ತಿ ಇನ್ನೊಂದು ಗುಂಡಿಗಿಳಿದರೂ ಈ ತ್ರಿಕೋನ ಹಾಯಾಗಿ ಹೊರಳುತ್ತಿತ್ತು, ಚಾಸಿಗೆ ತಿರುಚು ಬೀಳುತ್ತಿರಲಿಲ್ಲ. ಕಡಿಮೆ ಬಿಡಿಭಾಗಗಳಲ್ಲಿ ಇಷ್ಟು ಕೆಲಸ ತೆಗೆದ ಏರ್ಪಾಡು ಆ ಕಾಲದಲ್ಲಿ ಅಪರೂಪ. ಮಾಡೆಲ್ ಎ (1928–31), 1932ರ ವಿ-8, ಆಮೇಲಿನ ಮಾದರಿಗಳು ಎಲ್ಲವೂ ಅಡ್ಡ ಸ್ಪ್ರಿಂಗನ್ನೇ ಇಟ್ಟುಕೊಂಡವು. ಫೋರ್ಡ್ ಕಂಪನಿ ಅದನ್ನು ಬಿಟ್ಟದ್ದು 1949ರ ಮಾದರಿಯಲ್ಲಿ.

ಹಳ್ಳದ ದಾರಿಗೆ ಕಟ್ಟಿದ ಈ ಕಾರುಗಳನ್ನು ಕ್ಯಾಲಿಫೋರ್ನಿಯದ ಹುಡುಗರು ಕೊಂಡೊಯ್ದು ಓಡಿಸಿದ್ದು ಭೂಮಿಯ ಮೇಲಿನ ಅತ್ಯಂತ ಸಮತಟ್ಟಾದ ನೆಲಗಳಲ್ಲಿ. ಲಾಸ್ ಏಂಜಲೀಸ್‌ನ ಉತ್ತರಕ್ಕೆ ಮೊಹಾವಿ ಮರುಭೂಮಿಯ ಮ್ಯೂರಾಕ್, ಎಲ್ ಮಿರಾಜ್, ಹಾರ್ಪರ್ ಇವೆಲ್ಲ ಒಣಗಿದ ಕೆರೆಯಂಗಳಗಳು. ಮೈಲಿಗಟ್ಟಲೆ ಸಪಾಟು. 1937ರಲ್ಲಿ ಹಲವು ಕ್ಲಬ್‌ಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಅಲ್ಲಿಂದ ವೇಗವನ್ನು ಗಡಿಯಾರ ಹಿಡಿದು ಅಳೆದು ದಾಖಲಿಸುವ ಪದ್ಧತಿ ಗಟ್ಟಿಯಾಯಿತು. 1949ರಿಂದ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲೂ ಸೇರಿಕೊಂಡಿತು. ಅಂಥ ನೆಲದಲ್ಲಿ ಎತ್ತರ ಅನಗತ್ಯ ಹೊರೆ. ಕಾರಿನ ಮೈ ಗಾಳಿಗೆ ಹೆಚ್ಚು ಒಡ್ಡಿಕೊಳ್ಳುತ್ತದೆ, ಅಡಿಯಲ್ಲಿ ನುಗ್ಗಿದ ಗಾಳಿ ಆಕ್ಸಲ್, ಸರಳುಗಳಿಗೆ ಬಡಿದು ಎಳೆಯುತ್ತದೆ. ಓಟಕ್ಕಾಗಿ ಮಡ್‌ಗಾರ್ಡ್, ಬಂಪರ್, ಗಾಜು ಕಳಚಿಟ್ಟವರ ಕಣ್ಣು ಅದಾದ ಮೇಲೆ ಎತ್ತರದ ಕಡೆ ಹೊರಳಿದ್ದು ಸಹಜ.

ಊರೊಳಗಿನ ರಸ್ತೆಗೂ ತಗ್ಗಿದ ಕಾರಿನಿಂದ ಪ್ರಯೋಜನವಿದೆ. ತಿರುವಿನಲ್ಲಿ ಒಳಚಕ್ರದ ಮೇಲಿನ ಭಾರ ಹೊರಚಕ್ರಕ್ಕೆ ಜಾರುತ್ತದೆ. ಎಷ್ಟು ಜಾರುತ್ತದೆ ಎಂಬುದು ಕಾರಿನ ಗುರುತ್ವಕೇಂದ್ರದ ಎತ್ತರವನ್ನು ಎಡಬಲ ಚಕ್ರಗಳ ಅಂತರದಿಂದ ಭಾಗಿಸಿದರೆ ತಿಳಿಯುತ್ತದೆ. ಆ ಕಾಲದ ಫೋರ್ಡ್‌ಗಳ ಚಕ್ರಾಂತರ ಸುಮಾರು 56 ಇಂಚು, ಅಂದರೆ 142 ಸೆಂ.ಮೀ. ಕಾರು 1,000 ಕಿಲೋ ಇದ್ದು, ಗುರುತ್ವಾಕರ್ಷಣೆಯ ಅರ್ಧದಷ್ಟು ಪಕ್ಕಬಲದಲ್ಲಿ ತಿರುಗುತ್ತಿದೆ ಎಂದುಕೊಳ್ಳೋಣ. ಗುರುತ್ವಕೇಂದ್ರ 60 ಸೆಂ.ಮೀ. ಎತ್ತರದಲ್ಲಿದ್ದರೆ ಸುಮಾರು 211 ಕಿಲೋ ಹೊರಚಕ್ರಗಳಿಗೆ ವರ್ಗವಾಗುತ್ತದೆ, 50 ಸೆಂ.ಮೀ.ಗೆ ಇಳಿಸಿದರೆ 176 ಕಿಲೋ. ಆ 35 ಕಿಲೋ ಒಳಚಕ್ರದಲ್ಲೇ ಉಳಿದು ನೆಲ ಹಿಡಿದಿರುತ್ತದೆ. ಹತ್ತು ಸೆಂಟಿಮೀಟರ್ ಎಂದರೆ ಸುಮಾರು ನಾಲ್ಕು ಇಂಚು, ಹಳೆಯ ಹಾಟ್ ರಾಡ್‌ಗಳು ಸಾಮಾನ್ಯವಾಗಿ ಇಳಿದಿರುತ್ತಿದ್ದಷ್ಟು.

ಚಕ್ರ ಮತ್ತು ಟೈರು

ಯಾವುದನ್ನೂ ಕತ್ತರಿಸದೆ, ಕಾಯಿಸದೆ ಸಿಗುವ ಮೊದಲ ಇಳಿಕೆ ಚಕ್ರದಿಂದ ಬರುತ್ತದೆ. 1928–29ರ ಮಾಡೆಲ್ ಎ ಕಾರಿಗೆ 21 ಇಂಚಿನ ರಿಮ್ ಇತ್ತು. 1930ರಲ್ಲಿ ಅದು 19ಕ್ಕೆ, 1932ರಲ್ಲಿ 18ಕ್ಕೆ, 1933ರಲ್ಲಿ 17ಕ್ಕೆ, 1935ರಲ್ಲಿ 16ಕ್ಕೆ ಇಳಿಯಿತು. 4.50-21 ಅಳತೆಯ ಟೈರಿನ ಹೊರವ್ಯಾಸ ಸುಮಾರು 30 ಇಂಚು. ಅದನ್ನು ತೆಗೆದು 5.00-16 ಹಾಕಿದರೆ ವ್ಯಾಸ ಸುಮಾರು 26 ಇಂಚು. ವ್ಯತ್ಯಾಸದ ಅರ್ಧ, ಅಂದರೆ 2 ಇಂಚು, ಆಕ್ಸಲ್ ಕೆಳಗೆ ಬರುತ್ತದೆ. ಮುಂದೆ ಹೀಗೆ ಸಣ್ಣ ಟೈರು ಹಾಕಿ ಹಿಂದೆ 7.00-16 ಅಥವಾ 7.50-16ರ ದೊಡ್ಡ ಟೈರು ಬಿಟ್ಟರೆ ಹಿಂಭಾಗದ ಎತ್ತರ ಹಾಗೇ ಉಳಿದು ಮೂತಿ ಮಾತ್ರ ಬಾಗುತ್ತದೆ. ಹಿಂದಿನ ದೊಡ್ಡ ಟೈರಿನಿಂದ ಪ್ರತಿ ಸುತ್ತಿಗೆ ಹೆಚ್ಚು ದೂರ ಸಾಗುವುದರಿಂದ ಒಣಕೆರೆಯ ಓಟಕ್ಕೂ ಅದು ಅನುಕೂಲ. ಫೋರ್ಡ್‌ನದೇ 1940ರ ಉಕ್ಕಿನ 16 ಇಂಚಿನ ಚಕ್ರ ಈ ಕಾರಣಕ್ಕೆ ಹಾಟ್ ರಾಡ್ ಜಗತ್ತಿನಲ್ಲಿ ಇಂದಿಗೂ ಬೆಲೆಯುಳ್ಳ ವಸ್ತು.

ತಗ್ಗಿಸಿದ ಆಕ್ಸಲ್

ಮುಂಭಾಗ ಇಳಿಸುವ ವಿಧಾನಗಳಲ್ಲಿ ನನ್ನ ತೀರ್ಮಾನದಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ಫೋರ್ಡ್‌ನ ಮುಂದಿನ ಆಕ್ಸಲ್ ಬಡಿದು ರೂಪಿಸಿದ ಉಕ್ಕಿನದು. ಅಡ್ಡ ಸೀಳಿ ನೋಡಿದರೆ ಐ ಅಕ್ಷರದ ಆಕಾರ: ಮೇಲೊಂದು ಕೆಳಗೊಂದು ದಪ್ಪ ಅಂಚು, ನಡುವೆ ತೆಳು ಗೋಡೆ. ಎರಡು ತುದಿಗಳಲ್ಲಿ ಕಿಂಗ್‌ಪಿನ್ ಕೂರುವ ದಪ್ಪ ಗುಬ್ಬಿಗಳಿವೆ. ಚಕ್ರ ಹೊತ್ತ ಸ್ಪಿಂಡಲ್ ಆ ಪಿನ್ನಿನ ಮೇಲೆ ತಿರುಗುತ್ತದೆ. ತುಸು ಒಳಗೆ ಸ್ಪ್ರಿಂಗ್ ಶ್ಯಾಕಲ್‌ಗಳನ್ನು ಹಿಡಿಯುವ ತೂತುಗಳಿವೆ. ಈ ಎರಡರ ನಡುವಿನ ಗೇಣುದ್ದದ ಭಾಗವನ್ನು ಕೆಂಪಗೆ ಕಾಯಿಸಿ, ಎಳೆದು, ಕಿಂಗ್‌ಪಿನ್ ಗುಬ್ಬಿ ಮೇಲಕ್ಕೆ ಬರುವಂತೆ ಬಗ್ಗಿಸುತ್ತಾರೆ. ಚಕ್ರ ನೆಲದಿಂದ ಎಲ್ಲಿಗೂ ಏಳುವುದಿಲ್ಲವಾದ್ದರಿಂದ ಆಕ್ಸಲ್‌ನ ನಡುಭಾಗವೇ ಕೆಳಗಿಳಿಯುತ್ತದೆ, ಅದರ ಮೇಲೆ ಕೂತ ಸ್ಪ್ರಿಂಗ್, ಚಾಸಿ, ರೇಡಿಯೇಟರ್ ಎಲ್ಲವೂ ಜೊತೆಗೇ ಇಳಿಯುತ್ತವೆ. ಎರಡೂವರೆಯಿಂದ ನಾಲ್ಕು ಇಂಚು ಹೀಗೆ ದೊರೆಯುತ್ತದೆ.

ಇದರ ಸೊಗಸು ಇರುವುದು ಬದಲಾಗದೆ ಉಳಿಯುವ ಅಳತೆಗಳಲ್ಲಿ. ಆಕ್ಸಲ್‌ಗೂ ಚಾಸಿಗೂ ನಡುವಿನ ಅಂತರ ಮೊದಲಿನಷ್ಟೇ ಇರುತ್ತದೆ. ಸ್ಪ್ರಿಂಗ್ ಕುಗ್ಗಲು ಎಷ್ಟು ಜಾಗವಿತ್ತೋ ಅಷ್ಟೂ ಇರುತ್ತದೆ. ಶ್ಯಾಕಲ್‌ನ ಓರೆ ಬದಲಾಗುವುದಿಲ್ಲ. ಕಾರು ನಾಲ್ಕು ಇಂಚು ಕೆಳಗೆ ಬಂದರೂ ಸ್ಪ್ರಿಂಗ್‌ಗೆ ಅದರ ಸುದ್ದಿಯೇ ಮುಟ್ಟಿರುವುದಿಲ್ಲ.

ಈ ಕೆಲಸಕ್ಕೆ ಹೆಸರಾದವರು ಸ್ಯಾನ್ ಡಿಯಾಗೊ ನಗರದ ಎಡ್ ಸ್ಟೂವರ್ಟ್. 1940ರ ದಶಕದಲ್ಲಿ ಅವರು ತಗ್ಗಿಸಿಕೊಟ್ಟ ಫೋರ್ಡ್ ಆಕ್ಸಲ್‌ಗಳು ಎಷ್ಟು ಹರಡಿದವೆಂದರೆ ಅವರನ್ನು ಜನ ‘ಆಕ್ಸಲ್ ಸ್ಟೂವರ್ಟ್’ ಎಂದೇ ಕರೆಯತೊಡಗಿದರು. ಕಾಯಿಸಿ ಎಳೆದಾಗ ಲೋಹ ಆ ಜಾಗದಲ್ಲಿ ತೆಳುವಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಎಳೆತ ಒಂದೇ ಕಡೆ ಸೇರಿದರೆ ಅಲ್ಲೇ ಬಿರುಕು ಹುಟ್ಟುತ್ತದೆ. ಎರಡು ತುದಿಗಳ ಕಿಂಗ್‌ಪಿನ್ ಓರೆ ಒಂದೇ ಆಗಿ ಉಳಿಯದಿದ್ದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಹಳೆಯ ಒಳ್ಳೆಯ ಆಕ್ಸಲ್ ಒಂದನ್ನು ಹತ್ತಿರ ಹಿಡಿದು ನೋಡಿದರೆ ಬಾಗಿದ ಭಾಗದಲ್ಲೂ ಐ ಆಕಾರದ ಅಂಚುಗಳು ಒಡೆಯದೆ, ಒಂದೇ ಹರಿವಿನಲ್ಲಿ ಕಿಂಗ್‌ಪಿನ್‌ವರೆಗೂ ಹೋಗಿರುವುದು ಕಾಣುತ್ತದೆ. ಕೈಚಳಕ ಕಡಿಮೆಯಿದ್ದವನ ಕೆಲಸದಲ್ಲಿ ಅದೇ ಜಾಗ ಸೊಟ್ಟಗೆ, ಸುತ್ತಿಗೆ ಏಟುಗಳ ಗುರುತಿನೊಂದಿಗೆ ಇರುತ್ತದೆ. ಇಂಥ ಆಕ್ಸಲ್‌ಗೆ ಕ್ರೋಮಿಯಂ ಲೇಪ ಹಾಕಿಸುವವರು ಇನ್ನೊಂದನ್ನೂ ಗಮನಿಸಬೇಕು: ಲೇಪನದ ತೊಟ್ಟಿಯಲ್ಲಿ ಹುಟ್ಟುವ ಹೈಡ್ರೊಜನ್ ಗಡುಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸಬಲ್ಲದು. ಲೇಪನ ಮುಗಿದ ಕೂಡಲೇ ಒಲೆಯಲ್ಲಿಟ್ಟು ಬಿಸಿಮಾಡಿ ಆ ಹೈಡ್ರೊಜನ್ ಹೊರಹೋಗುವಂತೆ ಮಾಡುವುದು ಅದಕ್ಕಾಗಿಯೇ.

ಐ ಆಕಾರದ ಆಕ್ಸಲ್‌ಗೆ ಪೈಪೋಟಿಯಾಗಿ ಬಂದದ್ದು ಕೊಳವೆ ಆಕ್ಸಲ್. ಫೋರ್ಡ್ ತನ್ನ 60 ಅಶ್ವಶಕ್ತಿಯ ಸಣ್ಣ ವಿ-8 ಕಾರಿಗೆ 1937ರಲ್ಲಿ ಕೊಳವೆಯಾಕಾರದ ಮುಂದಿನ ಆಕ್ಸಲ್ ಕೊಟ್ಟಿತ್ತು. ಅದು ಹಗುರ, ನೋಡಲೂ ಅಂದ. ಆದರೆ ಕೊಳವೆ ತಿರುಚಿಕೊಳ್ಳುವುದಿಲ್ಲ. ಆ ಗುಣವೇ ಮುಂದೆ ತೊಡಕಾದ ಬಗೆಯನ್ನು ವಿಶ್‌ಬೋನ್ ವಿಚಾರದಲ್ಲಿ ನೋಡಬಹುದು.

ಸ್ಪ್ರಿಂಗ್

ಆಕ್ಸಲ್‌ನಿಂದ ಬಂದ ಇಂಚುಗಳು ಸಾಲದೆ ಹೋದಾಗ ಕೈ ಹೋಗುವುದು ಸ್ಪ್ರಿಂಗ್ ಕಡೆಗೆ. ಇಲ್ಲಿ ಸರಿ ದಾರಿಯೂ ಇದೆ, ಅಡ್ಡದಾರಿಗಳೂ ಇವೆ.

ಸರಿ ದಾರಿಯೆಂದರೆ ಕಣ್ಣು ತಿರುಗಿಸುವುದು. ಉಕ್ಕಿನ ಪಟ್ಟಿಗಳನ್ನು ಪೇರಿಸಿ ಮಾಡಿದ ಫೋರ್ಡ್‌ನ ಅಡ್ಡ ಸ್ಪ್ರಿಂಗ್‌ನಲ್ಲಿ ಅತಿ ಉದ್ದದ ತಾಯಿಪಟ್ಟಿ ಎಲ್ಲಕ್ಕಿಂತ ಕೆಳಗೆ, ಗಿಡ್ಡ ಪಟ್ಟಿಗಳು ಅದರ ಮೇಲೆ. ತಾಯಿಪಟ್ಟಿಯ ತುದಿಗಳು ಕೆಳಮುಖವಾಗಿ ಸುರುಳಿ ಸುತ್ತಿ ಶ್ಯಾಕಲ್ ಪಿನ್ನಿಗೆ ಕಣ್ಣಾಗಿರುತ್ತವೆ. ಅದೇ ಸುರುಳಿಯನ್ನು ಪಟ್ಟಿಯ ಮೇಲ್ಭಾಗಕ್ಕೆ ಸುತ್ತಿದರೆ ಪಟ್ಟಿ ಕಣ್ಣಿನ ಕೆಳಗೆ ಬರುತ್ತದೆ. ಕಣ್ಣಿನ ಅಳತೆಯಷ್ಟು, ಸುಮಾರು ಒಂದರಿಂದ ಒಂದೂವರೆ ಇಂಚು, ಕಾರು ಇಳಿಯುತ್ತದೆ. ಸ್ಪ್ರಿಂಗ್‌ನ ಗಡುಸು ಹೆಚ್ಚುಕಡಿಮೆ ಹಾಗೇ ಇರುತ್ತದೆ. ತಾಯಿಪಟ್ಟಿಯನ್ನು ಕಾಯಿಸಿ ಸುತ್ತಿದ ಮೇಲೆ ಮತ್ತೆ ಸರಿಯಾಗಿ ಹದಗೊಳಿಸಬೇಕು. ಆ ಹದ ತಪ್ಪಿದರೆ ಪಟ್ಟಿ ಒಂದೋ ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ.

ಪಟ್ಟಿ ಕಳಚುವುದು ಇದಕ್ಕಿಂತ ಸುಲಭ, ಅದಕ್ಕೇ ಹೆಚ್ಚು ಜನ ಮಾಡಿದ್ದು. ಒಂದೇ ದಪ್ಪದ ಹತ್ತು ಪಟ್ಟಿಗಳ ಸ್ಪ್ರಿಂಗ್‌ನಿಂದ ಎರಡನ್ನು ತೆಗೆದರೆ ಗಡುಸು ಸುಮಾರು ಐದನೆಯ ಒಂದು ಭಾಗ ಇಳಿಯುತ್ತದೆ, ಉಳಿದ ಪ್ರತಿ ಪಟ್ಟಿಯ ಮೇಲಿನ ಒತ್ತಡ ಕಾಲು ಭಾಗ ಏರುತ್ತದೆ. ಮಡ್‌ಗಾರ್ಡ್, ಬಂಪರ್ ತೆಗೆದು ಹಗುರಾದ ಕಾರಿಗೆ ಒಂದೆರಡು ಪಟ್ಟಿ ತೆಗೆಯುವುದರಲ್ಲಿ ನ್ಯಾಯವಿದೆ. ಮೂಲ ಸ್ಪ್ರಿಂಗ್ ಐದು ಜನ ಕೂತ ಭಾರದ ಕಾರಿಗೆಂದು ಮಾಡಿದ್ದು. ಆದರೆ ಬರೀ ಎತ್ತರ ಇಳಿಸಲೆಂದು ಪಟ್ಟಿ ಮೇಲೆ ಪಟ್ಟಿ ಕಿತ್ತರೆ ಸ್ಪ್ರಿಂಗ್ ಮೆದುವಾಗುತ್ತದೆ, ಅದೇ ಹೊತ್ತಿಗೆ ಆಕ್ಸಲ್ ಚಾಸಿಗೆ ಹತ್ತಿರ ಬಂದಿರುತ್ತದೆ. ಮೆದು ಸ್ಪ್ರಿಂಗ್‌ಗೆ ಆಡಲು ಹೆಚ್ಚು ಜಾಗ ಬೇಕಾದ ಕಡೆ ಕಡಿಮೆ ಜಾಗ ಉಳಿದಿರುತ್ತದೆ. ಪ್ರತಿ ಗುಂಡಿಗೂ ಆಕ್ಸಲ್ ಚಾಸಿಗೆ ಬಡಿಯುತ್ತದೆ.

ಇದರ ಹಿಂದಿನ ಲೆಕ್ಕ ಸರಳ. ಕಾರಿನ ಭಾರಕ್ಕೆ ಸ್ಪ್ರಿಂಗ್ ಎಷ್ಟು ಕುಗ್ಗಿ ನಿಲ್ಲುತ್ತದೋ ಅದೇ ಅದರ ತೂಗಾಟದ ವೇಗವನ್ನು ನಿರ್ಧರಿಸುತ್ತದೆ. 10 ಸೆಂ.ಮೀ. ಕುಗ್ಗಿದರೆ ಸೆಕೆಂಡಿಗೆ ಸುಮಾರು 1.6 ಸಲ ತೂಗುತ್ತದೆ. ಮೈಗೆ ಹಿತವಾದ ಗತಿ ಅದು. 5 ಸೆಂ.ಮೀ. ಮಾತ್ರ ಕುಗ್ಗುವಷ್ಟು ಬಿರುಸಾಗಿದ್ದರೆ 2.2 ಸಲ. ಪ್ರಯಾಣ ಕುಲುಕಾಟವಾಗುತ್ತದೆ. ತಗ್ಗಿಸಿದ ಕಾರಿನಲ್ಲೂ ಮೂರು ಇಂಚಿನಷ್ಟಾದರೂ ಮೇಲಕ್ಕೆ ಆಡುವ ಜಾಗವಿರಲಿ ಎನ್ನುತ್ತಾರೆ ಅನುಭವಿಗಳು. ಕೊನೆಯ ಹೊಡೆತ ತಡೆಯಲು ಚಾಸಿಗೆ ರಬ್ಬರ್ ದಿಮ್ಮಿ ಕೂರಿಸುವುದನ್ನು ಅಲಕ್ಷಿಸಬಾರದು.

ಶ್ಯಾಕಲ್ ಉದ್ದ ಮಾಡಿ ಇಳಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಉದ್ದನೆಯ ಶ್ಯಾಕಲ್ ಪಕ್ಕಕ್ಕೆ ಓಲಾಡುತ್ತದೆ, ತಿರುವಿನಲ್ಲಿ ಇಡೀ ಬಾಡಿ ಆಕ್ಸಲ್ ಮೇಲೆ ಅಡ್ಡಕ್ಕೆ ಸರಿಯುತ್ತದೆ. ಕಾರು ಪೂರ್ತಿ ಭಾರದಲ್ಲಿ ನಿಂತಾಗ ಶ್ಯಾಕಲ್ ನೆಲಕ್ಕೆ ಸುಮಾರು 45 ಡಿಗ್ರಿ ಓರೆಯಲ್ಲಿರಬೇಕು ಎಂಬುದು ಅಡ್ಡ ಸ್ಪ್ರಿಂಗ್‌ನ ಮೂಲ ಪಾಠ. ಅದು ಮಲಗಿದ್ದರೆ ಸ್ಪ್ರಿಂಗ್ ಗಿಡ್ಡವಾಯಿತು, ನೆಟ್ಟಗೆ ನಿಂತಿದ್ದರೆ ಉದ್ದವಾಯಿತು ಎಂದರ್ಥ. ಬೇರೆ ಬೇರೆ ವರ್ಷದ ಆಕ್ಸಲ್ ಮತ್ತು ಸ್ಪ್ರಿಂಗ್ ಬೆರೆಸುವವರು ಮೊದಲು ನೋಡಬೇಕಾದದ್ದು ಇದನ್ನೇ.

ಸ್ಪ್ರಿಂಗ್ ಬಿಚ್ಚಿದಾಗ ಪಟ್ಟಿಗಳ ತುದಿಗೂ ಒಂದಿಷ್ಟು ಸಮಯ ಕೊಡಬೇಕು. ಪ್ರತಿ ಗಿಡ್ಡ ಪಟ್ಟಿಯ ಚೂಪು ತುದಿ ವರ್ಷಾನುಗಟ್ಟಲೆ ಉಜ್ಜಿ ಪಕ್ಕದ ಪಟ್ಟಿಯಲ್ಲಿ ಉಗುರಿಗೆ ಸಿಗುವಷ್ಟು ಗೀರು ಕೊರೆದಿರುತ್ತದೆ. ಆ ಗೀರಿನಲ್ಲಿ ತುಕ್ಕು ತುಂಬಿ ಪಟ್ಟಿಗಳು ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಸ್ಪ್ರಿಂಗ್ ಬಿರುಸಾಗಿದೆ ಎಂದು ಎಷ್ಟೋ ಜನ ದೂರುವುದು ಈ ಕಚ್ಚಾಟದ ಕಾರಣಕ್ಕೆ. ಗೀರನ್ನು ಉಜ್ಜಿ ನಯಮಾಡಿ, ತುದಿಗಳನ್ನು ಗುಂಡಗೆ ಅರೆದು, ಗ್ರಾಫೈಟ್ ಬೆರೆತ ಗ್ರೀಸ್ ಬಳಿದು ಜೋಡಿಸಿದರೆ ಒಂದೂ ಪಟ್ಟಿ ತೆಗೆಯದೆ ಕಾರು ಹಿತವಾಗಿ ತೂಗುತ್ತದೆ.

ಶಾಕ್ ಅಬ್ಸಾರ್ಬರ್ ಕಾರಿನ ಎತ್ತರ ಹೊರುವುದಿಲ್ಲ, ತೂಗಾಟವನ್ನು ಅಡಗಿಸುತ್ತದೆ. ಮಾಡೆಲ್ ಎ ಕಾಲದ ಫೋರ್ಡ್‌ಗಳಲ್ಲಿದ್ದದ್ದು ತೋಳು ತಿರುಗಿಸುವ ಹೂಡೈ ಮಾದರಿ. ಆಮೇಲೆ ಕೊಳವೆ ಶಾಕ್ ಬಂದಾಗ ಯುದ್ಧಾನಂತರದ ಫೋರ್ಡ್ ಎಫ್-1 ಪಿಕಪ್ ಟ್ರಕ್ಕಿನ ಮೇಲ್ಬದಿಯ ಆಧಾರಗಳು ಹಾಟ್ ರಾಡ್‌ಗಳಿಗೆ ವಲಸೆ ಬಂದವು. ಕಾರು ತಗ್ಗಿದ ಮೇಲೆ ಹಳೆಯ ಉದ್ದದ ಶಾಕ್ ಹಾಗೇ ಇದ್ದರೆ ಅದು ಅರ್ಧ ಮುಚ್ಚಿಕೊಂಡೇ ನಿಂತಿರುತ್ತದೆ. ಸ್ಪ್ರಿಂಗ್ ಕುಗ್ಗುವ ಮೊದಲೇ ಶಾಕ್ ತಳ ಮುಟ್ಟುತ್ತದೆ. ನಿಂತ ಎತ್ತರದಲ್ಲಿ ಅದು ತನ್ನ ಆಟದ ನಡುವೆ ಇರುವಂತೆ ಅಳತೆ ನೋಡಿ ಆರಿಸಬೇಕು.

ವಿಶ್‌ಬೋನ್ ಮತ್ತು ಸ್ಟೀರಿಂಗ್

ಆಕ್ಸಲ್ ಒಂದನ್ನೇ ಮುಟ್ಟಿ ಸುಮ್ಮನಾಗುವಂತಿಲ್ಲ. ಕಿಂಗ್‌ಪಿನ್ ಮೇಲೆದ್ದಾಗ ಸ್ಪಿಂಡಲ್‌ನ ಸ್ಟೀರಿಂಗ್ ತೋಳುಗಳೂ ಅವುಗಳನ್ನು ಜೋಡಿಸುವ ಟೈ ರಾಡ್ ಕೂಡ ಆಕ್ಸಲ್‌ಗೆ ಹೋಲಿಸಿದರೆ ಮೇಲೇರಿ ವಿಶ್‌ಬೋನ್‌ಗೆ ತಾಗುತ್ತವೆ. ಆದ್ದರಿಂದ ತೋಳುಗಳನ್ನೂ ಕಾಯಿಸಿ ಕೆಳಕ್ಕೆ ಬಗ್ಗಿಸಬೇಕು. ಬಗ್ಗಿಸುವಾಗ ತೋಳಿನ ತುದಿ ಒಳಹೊರಗೆ ಸರಿದರೆ ತಿರುವಿನಲ್ಲಿ ಎರಡು ಚಕ್ರಗಳ ಕೋನ ಹೊಂದುವುದಿಲ್ಲ, ಟೈರು ಉಜ್ಜಿ ಸವೆಯುತ್ತದೆ.

ಎಂಜಿನ್, ಗೇರ್‌ಬಾಕ್ಸ್ ಬದಲಾಯಿಸಿದವರಿಗೆ ವಿಶ್‌ಬೋನ್‌ನ ಗುಂಡು ಕೀಲು ಅಡ್ಡ ಬರುತ್ತಿತ್ತು. ಅದನ್ನು ನಡುವೆ ಸೀಳಿ ಎರಡು ತೋಳುಗಳನ್ನು ಚಾಸಿಯ ಎಡಬಲಕ್ಕೆ ಬೇರೆಬೇರೆಯಾಗಿ ಕೀಲಿಸುವ ರೂಢಿ ಹೀಗೆ ಬೆಳೆಯಿತು. ನೋಡಲು ಚೊಕ್ಕಟ. ಆದರೆ ಮೂಲದ ತ್ರಿಕೋನ ಹೋದ ಮೇಲೆ ಒಂದು ಚಕ್ರ ಮೇಲೇರಿದರೆ ಆಕ್ಸಲ್ ತಿರುಚಿಕೊಳ್ಳಲೇಬೇಕು. ಐ ಆಕಾರದ ಉಕ್ಕು ತಿರುಚಿಗೆ ಬಗ್ಗುತ್ತದೆ, ಹೀಗಾಗಿ ಸೀಳಿದ ವಿಶ್‌ಬೋನ್‌ಗೆ ಅದು ಹೊಂದಿಕೊಂಡಿತು. ಕೊಳವೆ ಆಕ್ಸಲ್ ಬಗ್ಗುವುದಿಲ್ಲ. ಆಗ ಬಲವೆಲ್ಲ ಬೆಸುಗೆಯ ಮೇಲೆ, ಕೀಲಿನ ಮೇಲೆ ಬೀಳುತ್ತದೆ. ಕೊಳವೆ ಆಕ್ಸಲ್ ಹಾಕಿದ ಕಾರಿನಲ್ಲಿ ಸಮಾಂತರವಾದ ನಾಲ್ಕು ಸರಳುಗಳ ಏರ್ಪಾಡು ಬಳಸುವುದು ಈ ಕಾರಣಕ್ಕೆ. ಕೆಲವು ಸೊಗಸುಗಾರರು ಈ ನಾಲ್ಕು ಸರಳನ್ನು ಸಾಂಪ್ರದಾಯಿಕವಲ್ಲ ಎಂದು ತಳ್ಳಿಹಾಕುತ್ತಾರೆ. ಅಂದಕ್ಕೆ ಅವರ ಮಾತು ಒಪ್ಪಬಹುದು, ಆದರೆ ಕೊಳವೆಯನ್ನು ಸೀಳಿದ ವಿಶ್‌ಬೋನ್‌ಗೆ ಕಟ್ಟುವುದನ್ನು ಯಾವ ಸಂಪ್ರದಾಯದ ಹೆಸರಿನಲ್ಲೂ ಸಮರ್ಥಿಸಲಾಗದು.

ಮೂತಿ ಬಾಗಿದಾಗ ಕ್ಯಾಸ್ಟರ್ ಕೋನವೂ ಕೆಡುತ್ತದೆ. ಕಿಂಗ್‌ಪಿನ್‌ನ ತಲೆ ತುಸು ಹಿಂದಕ್ಕೆ ವಾಲಿದ್ದರೆ ಮಾತ್ರ ಕಾರು ತಾನಾಗಿ ನೇರ ದಾರಿ ಹಿಡಿಯುತ್ತದೆ. ಹಾಟ್ ರಾಡ್‌ಗೆ 5ರಿಂದ 7 ಡಿಗ್ರಿ ವಾಲು ಇಡುವುದು ವಾಡಿಕೆ. ಆಕ್ಸಲ್ ಇಳಿದಷ್ಟು ವಿಶ್‌ಬೋನ್‌ನ ಹಿಂದಿನ ಕೀಲು ಇಳಿಯದಿದ್ದರೆ ಆಕ್ಸಲ್‌ನ ತಲೆ ಮುಂದಕ್ಕೆ ವಾಲುತ್ತದೆ. 40 ಇಂಚು ಉದ್ದದ ತೋಳಿನಲ್ಲಿ ಒಂದೇ ಇಂಚಿನ ಈ ವ್ಯತ್ಯಾಸ ಸುಮಾರು 1.4 ಡಿಗ್ರಿ ತಿಂದುಹಾಕುತ್ತದೆ. ತಗ್ಗಿಸಿದ ಕಾರು ಹೆದ್ದಾರಿಯಲ್ಲಿ ಅತ್ತಿತ್ತ ಅಲೆಯುತ್ತದೆ ಎಂದು ದೂರುವವರು ಸ್ಟೀರಿಂಗ್ ಬಾಕ್ಸ್ ಬಿಚ್ಚುವ ಮುನ್ನ ಈ ಕೋನವನ್ನು ಅಳೆಯಲಿ.

1932ರ ಫೋರ್ಡ್‌ನಲ್ಲಿ ಸ್ಟೀರಿಂಗ್ ಬಾಕ್ಸಿನಿಂದ ಎಡಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಕಾರಿನ ಉದ್ದಕ್ಕೆ ಸಾಗುತ್ತದೆ. ಅದು ವಿಶ್‌ಬೋನ್‌ಗೆ ಸಮಾಂತರವಾಗಿ, ಎರಡರ ಹಿಂದಿನ ಕೀಲುಗಳು ಹತ್ತಿರ ಹತ್ತಿರ ಇದ್ದರೆ ಗುಂಡಿ ಬಂದಾಗ ಎರಡೂ ಒಂದೇ ಕಮಾನಿನಲ್ಲಿ ಚಲಿಸುತ್ತವೆ. ಇಲ್ಲದಿದ್ದರೆ ಗುಂಡಿಗೆ ಬಿದ್ದ ಕಾರು ಚಾಲಕ ಸ್ಟೀರಿಂಗ್ ತಿರುಗಿಸದೆಯೇ ತಾನಾಗಿ ತಿರುಗುತ್ತದೆ. 1970ರ ದಶಕದಲ್ಲಿ ಷೆವ್ರೊಲೆ ವೇಗಾ ಕಾರಿನ ಸ್ಟೀರಿಂಗ್ ಬಾಕ್ಸ್ ತಂದು ಲಿಂಕನ್ನು ಅಡ್ಡಕ್ಕೆ ಹಾಕುವ ಪದ್ಧತಿ ಬಂತು. ಆಗ ಶ್ಯಾಕಲ್‌ಗಳ ಮೇಲೆ ಆಕ್ಸಲ್ ಪಕ್ಕಕ್ಕೆ ಸರಿಯುವುದೇ ಸಮಸ್ಯೆಯಾಯಿತು. ಡ್ರ್ಯಾಗ್ ಲಿಂಕಿಗೆ ಸಮಾಂತರವಾಗಿ, ಅಷ್ಟೇ ಉದ್ದದ ಪ್ಯಾನಾರ್ಡ್ ಸರಳು ಕೂರಿಸಿ ಅದನ್ನು ಕಟ್ಟಿಹಾಕಿದರು.

ಚಾಸಿ ಕತ್ತರಿಸುವುದು

ಹಿಂಭಾಗದಲ್ಲಿ ಆಕ್ಸಲ್ ಬಗ್ಗಿಸುವ ಮಾತಿಲ್ಲ. ಅದರೊಳಗೆ ಗೇರು, ದಂಡಗಳಿವೆ. ಹೀಗಾಗಿ ಹಿಂದೆ ದೊಡ್ಡ ಇಳಿಕೆ ಬೇಕಾದಾಗ ಚಾಸಿಯನ್ನೇ ಕತ್ತರಿಸುತ್ತಾರೆ. ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಎರಡೂ ಉದ್ದಪಟ್ಟಿಗಳನ್ನು ಕೊಯ್ದು, ಹಿಂದಿನ ತುಂಡನ್ನು ನಾಲ್ಕರಿಂದ ಆರು ಇಂಚು ಮೇಲೆತ್ತಿ, ನಡುವೆ ನಿಲುವಿನ ತುಂಡು ಕೂಡಿಸಿ ಬೆಸುಗೆ ಹಾಕುತ್ತಾರೆ. ಪಕ್ಕದಿಂದ ನೋಡಿದರೆ ಮೆಟ್ಟಿಲಿನಂತೆ ಕಾಣುವ ಈ ಕೆಲಸಕ್ಕೆ ಅಮೆರಿಕದವರು ಝಡ್ ಎನ್ನುತ್ತಾರೆ. ಆಕ್ಸಲ್, ಸ್ಪ್ರಿಂಗ್ ಎರಡೂ ಮೂಲ ಸಂಬಂಧದಲ್ಲೇ ಉಳಿಯುವುದರಿಂದ ಇದು ತಗ್ಗಿಸಿದ ಆಕ್ಸಲ್‌ನ ತತ್ವವನ್ನೇ ಹಿಂಭಾಗಕ್ಕೆ ತಂದಂತೆ. ಬಾಗುಬಲ ಬೀಳುವ ಜಾಗದಲ್ಲೇ ಬೆಸುಗೆ ಬರುವುದರಿಂದ ಒಳಗಡೆ ಉಕ್ಕಿನ ತಗಡಿಟ್ಟು ಬಲಪಡಿಸದೆ ಬಿಡಬಾರದು. ಚಾಸಿ ಎತ್ತಿದ ಮೇಲೆ ಬಾಡಿಯ ನೆಲ, ಸೀಟು, ಪ್ರೊಪೆಲ್ಲರ್ ದಂಡ ಎಲ್ಲಕ್ಕೂ ಹೊಸ ಜಾಗ ಹುಡುಕಬೇಕಾಗುತ್ತದೆ. ಮಾಡೆಲ್ ಎ ಚಾಸಿ ನೇರವಾಗಿದ್ದು ಕತ್ತರಿಸಲು ಸುಲಭ. 1932ರ ಚಾಸಿಯ ಪಟ್ಟಿಗಳು ಹೊರಗೆ ಕಾಣುವಂಥವು. ಅವುಗಳ ಪಕ್ಕದಲ್ಲಿ ಉದ್ದಕ್ಕೂ ಹರಿದ ಅಚ್ಚಿನ ಗೆರೆಯೇ ಆ ಕಾರಿನ ಚೆಲುವು. ಅದನ್ನು ಕೊಯ್ಯಲು ಮನಸ್ಸು ಬಾರದೆ ಮಾಡೆಲ್ ಎ ಬಾಡಿಗಳನ್ನೂ ತಂದು ಆ ಚಾಸಿಯ ಮೇಲಿಟ್ಟವರು ಬಹಳ ಜನ. ಅವರಲ್ಲಿ ಹಲವರು ಮುಂದಿನ ಕ್ರಾಸ್ ಮೆಂಬರ್ ಬದಲು ಮಾಡೆಲ್ ಎ ಕಾರಿನದನ್ನು ಕೂರಿಸಿ ಸುಮಾರು ಒಂದು ಇಂಚು ಸದ್ದಿಲ್ಲದೆ ಗಿಟ್ಟಿಸಿಕೊಂಡರು.

ಚಾಸಿಯ ಮುಂದಿನ ತುದಿಗೂ ಆಚೆ ಆಧಾರವೊಂದನ್ನು ಬೆಸೆದು ಸ್ಪ್ರಿಂಗ್, ಆಕ್ಸಲ್ ಎರಡನ್ನೂ ಅಲ್ಲಿ ತೂಗುಹಾಕುವ ವಿಧಾನಕ್ಕೆ ಸುಯಿಸೈಡ್ ಫ್ರಂಟ್ ಎಂದು ಹೆಸರು. ಚಾಸಿ ಆಕ್ಸಲ್ ಮೇಲೆ ಹಾಯಬೇಕಾಗಿಲ್ಲದ ಕಾರಣ ಎಷ್ಟು ಬೇಕಾದರೂ ಕೆಳಗಿಳಿಯಬಲ್ಲದು, ಚಕ್ರಗಳ ನಡುವಿನ ಉದ್ದವೂ ಹೆಚ್ಚುತ್ತದೆ. ಆ ಒಂದು ಬೆಸುಗೆ ಕಿತ್ತರೆ ಮುಂಭಾಗವೇ ಕಳಚಿಕೊಳ್ಳುತ್ತದೆ ಎಂಬ ಎಚ್ಚರ ಹೆಸರಿನಲ್ಲೇ ಇದೆ.

ಬಾಡಿಯ ನೆಲ ಕೊಯ್ದು ಅದನ್ನು ಚಾಸಿಯ ಪಟ್ಟಿಗಳ ಅಕ್ಕಪಕ್ಕ ಇಳಿಬಿಡುವ ಚಾನೆಲಿಂಗ್ ಸಸ್ಪೆನ್ಷನ್‌ಗೆ ಸಂಬಂಧಿಸಿದ್ದಲ್ಲವಾದರೂ ಜೊತೆಯಲ್ಲೇ ಹೇಳಬೇಕು. ಕಾರು ತಗ್ಗಾಗಿ ಕಾಣುತ್ತದೆ, ಆದರೆ ಚಾಸಿ, ಎಂಜಿನ್ ಇದ್ದಲ್ಲೇ ಇರುತ್ತವೆ, ಕಾಲಿಡುವ ಜಾಗ ಹೋಗುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಇದು ಹೆಚ್ಚು. ಪಶ್ಚಿಮದವರು ಬಾಡಿಯನ್ನು ಚಾಸಿಯ ಮೇಲೆಯೇ ಇಟ್ಟ ಹೈಬಾಯ್ ರೂಪವನ್ನು ಮೆಚ್ಚಿದರು.

ನಿಲುವು ಮತ್ತು ಕಾನೂನು

ಓಟದ ಹಾಟ್ ರಾಡ್ ಮೂತಿ ಬಾಗಿಸಿದರೆ, ಅದೇ ಕಾಲದ ಕಸ್ಟಮ್ ಕಾರುಗಳು ಬಾಲ ಇಳಿಸಿದವು. ಹ್ಯಾರಿ ವೆಸ್ಟರ್‌ಗಾರ್ಡ್, ಬ್ಯಾರಿಸ್ ಸಹೋದರರಂಥ ಬಾಡಿ ಕಲಾವಿದರು ವೇಗಕ್ಕಿಂತ ಗೆರೆಗಳ ಹರಿವಿಗೆ ಬೆಲೆ ಕೊಟ್ಟರು. ಸ್ಪ್ರಿಂಗ್‌ಗಳು ಉದ್ದಕ್ಕಿದ್ದ ಷೆವ್ರೊಲೆಯಂಥ ಕಾರುಗಳಲ್ಲಿ ಸ್ಪ್ರಿಂಗ್‌ಗೂ ಹಿಂದಿನ ಆಕ್ಸಲ್‌ಗೂ ನಡುವೆ ಉಕ್ಕಿನ ದಿಮ್ಮಿಯಿಟ್ಟು ಹಿಂಭಾಗ ಇಳಿಸುವುದು ಸುಲಭವಿತ್ತು. ಮೆಕ್ಸಿಕನ್ ಮೂಲದ ಲಾಸ್ ಏಂಜಲೀಸ್ ಯುವಕರ ಲೋರೈಡರ್, ಅಂದರೆ ತಗ್ಗಿಸಿದ ಕಾರುಗಳ, ಪರಂಪರೆ ಇದರ ಪಕ್ಕದಲ್ಲೇ ಬೆಳೆಯಿತು.

ಎಲ್ಲರೂ ಇಳಿಸತೊಡಗಿದಾಗ ಕಾನೂನು ಬಂತು. ಕ್ಯಾಲಿಫೋರ್ನಿಯದ ವಾಹನ ಸಂಹಿತೆಯ 24008ನೇ ವಿಧಿಯ ಪ್ರಕಾರ ಮಾರ್ಪಡಿಸಿದ ಕಾರಿನ ಯಾವ ಭಾಗವೂ ಚಕ್ರದ ರಿಮ್‌ನ ಕೆಳ ಅಂಚಿಗಿಂತ ಕೆಳಗೆ ಇರುವಂತಿರಲಿಲ್ಲ; 2024ರ ಆರಂಭದಲ್ಲಿ ಆ ವಿಧಿ ರದ್ದಾಯಿತು. ಅದು ಬಹಳ ವಿವೇಕದ ನಿಯಮವಾಗಿತ್ತು. ಟೈರು ಒಡೆದು ಗಾಳಿ ಹೋದರೆ ಕಾರು ರಿಮ್ ಮೇಲೆ ನಿಲ್ಲುತ್ತದೆ. ಆಗ ಸ್ಟೀರಿಂಗ್ ಸರಳಾಗಲಿ ಬ್ರೇಕ್ ಕೊಳವೆಯಾಗಲಿ ಡಾಂಬರಿಗೆ ಉಜ್ಜಬಾರದು. ಕಾನೂನು ಇಲ್ಲದ ಕಡೆಗಳಲ್ಲೂ ಒಳ್ಳೆಯ ಕೆಲಸಗಾರರು ನಾಲ್ಕು ರಿಮ್‌ಗಳ ತಳಕ್ಕೆ ದಾರ ಎಳೆದು ಅದರ ಕೆಳಗೆ ಏನೂ ತೂಗದಂತೆ ನೋಡಿಕೊಳ್ಳುತ್ತಾರೆ. ಈ ವಿಧಿಯಿಂದ ತಪ್ಪಿಸಿಕೊಳ್ಳಲು ರಾನ್ ಅಗೀರೆ ಎಂಬವರು ತಮ್ಮ ಎಕ್ಸ್-ಸೋನಿಕ್ ಎಂಬ ಕಾರ್ವೆಟ್ ಕಾರಿಗೆ ವಿಮಾನದ ಹೈಡ್ರಾಲಿಕ್ ಪಂಪು ಜೋಡಿಸಿ ಬೇಕಾದಾಗ ಏರಿಸಿ ಇಳಿಸುವಂತೆ ಮಾಡಿದ್ದು ಲೋರೈಡರ್‌ಗಳ ಕುಣಿತಕ್ಕೆ ನಾಂದಿಯಾಯಿತು.

ತಗ್ಗಿಸಿದ ಕಾರಿಗೂ ನೆಲದ ಅಂತರ ಬೇಕೆಂಬುದನ್ನು ಹಾಟ್ ರಾಡ್ ಕಟ್ಟುತ್ತಿದ್ದ ಡೋನ್ ಸ್ಪೆನ್ಸರ್ ತಮ್ಮ 1932ರ ರೋಡ್‌ಸ್ಟರ್‌ನಲ್ಲಿ ತೋರಿಸಿದರು. ಮೆಕ್ಸಿಕೋದ ಕ್ಯಾರೆರಾ ಪನಾಮೆರಿಕಾನಾ ಓಟಕ್ಕೆಂದು ಅದನ್ನು ಅಣಿಗೊಳಿಸುವಾಗ ಒರಟು ರಸ್ತೆಗೆ ಬೇಕಾದ ಅಂತರಕ್ಕೆ ಆದ್ಯತೆ ಕೊಟ್ಟರು. 1997ರಲ್ಲಿ ಪೆಬಲ್ ಬೀಚ್ ಕಾರು ಪ್ರದರ್ಶನ ಮೊದಲ ಬಾರಿಗೆ ಹಾಟ್ ರಾಡ್ ವಿಭಾಗ ತೆರೆದಾಗ ಗೆದ್ದದ್ದು ಅದೇ ಕಾರು.

ಭಾರತದಲ್ಲಿ ಹಳೆಯ ಫೋರ್ಡ್ ಹೊಂದಿದವರಿಗೆ ಎರಡು ಮಾತು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ; ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಎರಡನೆಯದು ನಮ್ಮ ರಸ್ತೆ ಉಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದಂತೆ ಕಟ್ಟಿದ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. 1932ರ ಫೋರ್ಡ್‌ನ ಮುಂದಿನ ಹಿಂದಿನ ಚಕ್ರಗಳ ಅಂತರ 106 ಇಂಚು, ಅಂದರೆ 2.69 ಮೀಟರ್. ನಾಲ್ಕೂ ಚಕ್ರ ಉಬ್ಬಿನ ಮೇಲಿರುವಾಗ ನಡುಹೊಟ್ಟೆಯ ಕೆಳಗಿನ ಅಂತರ 5.3 ಸೆಂ.ಮೀ. ಕಡಿಮೆಯಾಗುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ಅಳತೆಯಿಲ್ಲದೆ ಎಬ್ಬಿಸಿದ ಕಡಿದಾದ ಉಬ್ಬುಗಳಿಗೆ ಈ ಲೆಕ್ಕ ಸಾಲದು.

ಕೆಲಸದ ಕ್ರಮ

ಅನುಭವಿಗಳು ಮೊದಲು ಚಕ್ರ, ಟೈರು ಆರಿಸುತ್ತಾರೆ. ಆಮೇಲೆ ಬರಿ ಚಾಸಿಯನ್ನು ಮರದ ದಿಮ್ಮಿಗಳ ಮೇಲೆ ಬೇಕಾದ ಎತ್ತರಕ್ಕೆ, ಬೇಕಾದ ಬಾಗಿಗೆ ನಿಲ್ಲಿಸಿ, ಬಾಡಿ, ರೇಡಿಯೇಟರ್, ಎಂಜಿನ್ನಿನ ಚಿಪ್ಪು ಇಟ್ಟು ದೂರದಿಂದ ನೋಡುತ್ತಾರೆ. ಚಕ್ರಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿದಾಗ ಆಕ್ಸಲ್‌ನ ನಡುಬಿಂದು ಚಾಸಿಗೆ ಹೋಲಿಸಿದರೆ ತನ್ನ ಮೂಲ ಜಾಗಕ್ಕಿಂತ ಎಷ್ಟು ಮೇಲೆ ಬಂದಿದೆ ಎಂಬುದೇ ಇಳಿಸಬೇಕಾದ ಮೊತ್ತ. ಅದನ್ನು ಆಕ್ಸಲ್‌ಗೆ ಇಷ್ಟು, ಸ್ಪ್ರಿಂಗ್ ಕಣ್ಣಿಗೆ ಇಷ್ಟು, ಕ್ರಾಸ್ ಮೆಂಬರ್‌ಗೆ ಅಥವಾ ಝಡ್‌ಗೆ ಇಷ್ಟು ಎಂದು ಹಂಚಿದ ಮೇಲೆಯೇ ಕಟ್ಟರ್ ಕೈಗೆತ್ತಿಕೊಳ್ಳುವುದು. ಪೂರ್ತಿ ಭಾರ ಬಿದ್ದ ಮೇಲೆ ಹೊಸ ಸ್ಪ್ರಿಂಗ್ ಇನ್ನೂ ಸ್ವಲ್ಪ ಕೂರುತ್ತದೆ. ಆದ್ದರಿಂದ ಕೆಲವು ವಾರ ಓಡಿಸಿ, ಶ್ಯಾಕಲ್‌ನ ಓರೆ, ಕ್ಯಾಸ್ಟರ್, ಟೈ ರಾಡ್‌ಗೂ ವಿಶ್‌ಬೋನ್‌ಗೂ ನಡುವಿನ ಸಂದು ಇವಿಷ್ಟನ್ನು ಮತ್ತೊಮ್ಮೆ ಅಳೆದು ಸರಿಪಡಿಸಿಕೊಂಡು, ಕೊನೆಯ ಬೆಸುಗೆ ಮತ್ತು ಬಣ್ಣವನ್ನು ಆಮೇಲೆ ಮಾಡುತ್ತಾರೆ.